ಪೆಟ್ಟಿಗೆಯ ಕೊನೆಯ ಮೂರು ತೋಟಾ

“ಹೆಸರು ತಿಳಿಯದ ಮದ್ದನ್ನು ಕಂಡವನು ಕಂಡಲ್ಲೇ ಮಣ್ಣಿಗೆ ಸುರಿಯಬೇಕು. ಇದು ನಿಯಮ. ಮೂವರು ಮುರಿದರು, ನಾನು ಮುರಿಯಲಿಲ್ಲ. ಹಾಗಿರುವಾಗ ನನ್ನ ಕೋವಿಗೂ ಬೀಗ ಯಾಕೆ, ಗುರುಗಳೇ?”

ಕೇಳಿದವನು ಅಯ್ಯಣ್ಣ. ಗುರಿ ಕಲಿಸುವ ಉತ್ತಯ್ಯನವರ ಬಳಿ ಅವನಿಗೆ ಅದು ನಾಲ್ಕನೆಯ ವರ್ಷ. ಅಲ್ಲಿ ಕಲಿಯುವವರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳಬೇಕು. ಖಾಲಿ ಹಿತ್ತಾಳೆ ಕೋಶಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸಬೇಕು, ಮದ್ದು ತೂಗಿ ಹಾಕಬೇಕು, ಮೇಲೆ ಗುಂಡು ಒತ್ತಬೇಕು. ಆ ಬೆಳಿಗ್ಗೆ ಮೂವರು ಶಿಷ್ಯರು ಚೀಟಿಯಿಲ್ಲದ ಒಂದು ಸೀಸೆಯಿಂದ ಮದ್ದು ತೆಗೆದು ತುಂಬಿದ್ದರು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು, ಅದನ್ನು ನೋಡುತ್ತಲೇ, ಅಯ್ಯಣ್ಣ ತನ್ನ ಡಬ್ಬಿಯಿಂದ ತನ್ನದನ್ನು ತುಂಬಿಕೊಂಡಿದ್ದ. ಉತ್ತಯ್ಯನವರು ಬಂದು ನೋಡಿದರು. ಬೈಯಲಿಲ್ಲ. ತುಂಬಿದ್ದನ್ನೆಲ್ಲ ಬಿಚ್ಚಿಸಿ, ಮದ್ದನ್ನು ಅಂಗಳದ ದಾಸವಾಳದ ಬುಡಕ್ಕೆ ಸುರಿಸಿ, ನಾಲ್ಕೂ ಕೋವಿಗಳನ್ನು ಕಪಾಟಿನಲ್ಲಿಟ್ಟು ಮೂರು ತಿಂಗಳಿಗೆ ಬೀಗ ಹಾಕಿದರು.

ಬೀಗದ ಬಗ್ಗೆ ತನಗೆ ಬೇಸರವಿಲ್ಲ, ನ್ಯಾಯ ಮಾತ್ರ ಗೊತ್ತಾಗಬೇಕು ಎಂದು ಅಯ್ಯಣ್ಣ ಹೇಳಿದ. ಅವನ ದನಿಯಲ್ಲಿ ಬೇಸರವೇ ಇತ್ತು.

ಉತ್ತಯ್ಯನವರು ಕಾಫಿಯ ಲೋಟ ಕೆಳಗಿಟ್ಟರು. “ಕೂತುಕೋ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ನಿಯಮ ಪಾಲಿಸಿದವರು ಯಾರು ಅಂತ ಕೊನೆಗೆ ನೀನೇ ಹೇಳು.”

ಅವರು ಹೇಳಿದ ಕತೆ ಇದು.

ಒಂದು ಬೆಟ್ಟದ ನಾಡು. ಅಲ್ಲೊಂದು ಗುರಿ ಸಂಘ. ವರ್ಷಕ್ಕೊಮ್ಮೆ, ಗದ್ದೆಯ ಕೆಲಸ ಮುಗಿದು ಕೈ ಬಿಡುವಾದ ಮೇಲೆ, ಸಂಘದವರು ಒಂದು ದಿಣ್ಣೆಯ ಮೇಲೆ ಸೇರುತ್ತಿದ್ದರು. ಕಣಿವೆಯ ಆಚೆಯ ದಿಣ್ಣೆಯಲ್ಲಿ ಮಣ್ಣಿನ ಕುಡಿಕೆಗಳನ್ನು ತೂಗುಹಾಕಿರುತ್ತಿದ್ದರು. ಇಪ್ಪತ್ತು ಜನ, ತಲೆಗೆ ಮೂರು ಗುಂಡು. ಎಲ್ಲರಿಗಿಂತ ಹೆಚ್ಚು ಕುಡಿಕೆ ಒಡೆದವನ ಹೆಸರನ್ನು, ತಾವು ಸೇರುವ ದಿಣ್ಣೆಯಲ್ಲೇ ನಿಲ್ಲಿಸಿದ್ದ ಸಂಘದ ಹಲಗೆಯಲ್ಲಿ ಕೆತ್ತುತ್ತಿದ್ದರು. ಬಹುಮಾನ ಅಂದರೆ ಅಷ್ಟೇ. ಆ ಅಷ್ಟಕ್ಕೆ ಜನ ವರ್ಷವಿಡೀ ಕಾಯುತ್ತಿದ್ದರು.

ಹಲಗೆಯ ತುದಿಯಲ್ಲಿ, ಹೆಸರುಗಳಿಗೆಲ್ಲ ಮೇಲೆ, ಒಂದೇ ಒಂದು ವಾಕ್ಯ ಕೆತ್ತಿತ್ತು. ನೀನು ಈಗ ಹೇಳಿದೆಯಲ್ಲ, ಅದೇ ವಾಕ್ಯ. ಹೆಸರು ತಿಳಿಯದ ಮದ್ದನ್ನು ಕಂಡವನು ಕಂಡಲ್ಲೇ ಮಣ್ಣಿಗೆ ಸುರಿಯಬೇಕು.

ಹೆಸರು ಕೆತ್ತುವ ಕೆಲಸ ಒಬ್ಬ ಬಡಗಿಯದು. ಕೋವಿಗಳಿಗೆ ಮರದ ಹಿಡಿ ಮಾಡಿಕೊಡುವವನೂ ಅವನೇ. ಕೆಲಸದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಅದಕ್ಕಿಂತ ಕಟ್ಟುನಿಟ್ಟು. ಮರವನ್ನು ಬೆರಳಗಂಟಿನಿಂದ ಎರಡು ಸಲ ತಟ್ಟಿ, ಒಳಗೆ ಎಲ್ಲಿ ಟೊಳ್ಳಿದೆ, ಎಲ್ಲಿ ಹುಳು ಕೊರೆದಿದೆ ಎಂದು ಹೇಳುತ್ತಿದ್ದ. ಕೊಯ್ದು ನೋಡಿದರೆ ಅಲ್ಲೇ ಇರುತ್ತಿತ್ತು. ಹದಿನೆಂಟು ವರ್ಷ ಅವನು ಆ ಹಲಗೆಯಲ್ಲಿ ಬೇರೆಯವರ ಹೆಸರು ಕೆತ್ತಿದ್ದ. ಹದಿನೆಂಟು ವರ್ಷವೂ ತಾನೂ ಗುಂಡು ಹೊಡೆದಿದ್ದ. ಒಂದು ಸಲವೂ ಗೆದ್ದಿರಲಿಲ್ಲ. ಮೇಲಿನ ವಾಕ್ಯ ಮಳೆಗಾಳಿಗೆ ಮಾಸಿದಾಗಲೆಲ್ಲ ಉಳಿ ಹಿಡಿದು ಅಕ್ಷರಗಳನ್ನು ಆಳ ಮಾಡುತ್ತಿದ್ದವನೂ ಅವನೇ. ಆ ವಾಕ್ಯದ ಒಂದೊಂದು ಅಕ್ಷರದ ತಿರುವೂ ಅವನ ಕೈಗೆ ಗೊತ್ತಿತ್ತು.

ಆ ಜನ ಮದ್ದಿನ ವಿಷಯದಲ್ಲಿ ದಡ್ಡರಾಗಿರಲಿಲ್ಲ. ನೀಳ ನಳಿಗೆಯ ಕೋವಿಗೆ ನಿಧಾನವಾಗಿ ಉರಿಯುವ ಮದ್ದು ಬೇಕು. ಅದು ಗುಂಡನ್ನು ನಳಿಗೆಯ ಉದ್ದಕ್ಕೂ ತಳ್ಳಿಕೊಂಡು ಹೋಗುತ್ತದೆ. ಗಿಡ್ಡ ಕೋವಿಗೆ ಬೇಗ ಉರಿಯುವ ಮದ್ದು. ಅದು ಒಂದೇ ಏಟಿಗೆ ಒದೆಯುತ್ತದೆ. ಗಿಡ್ಡ ಕೋವಿಯ ಮದ್ದನ್ನು ನೀಳ ಕೋವಿಯ ತೂಕದಲ್ಲಿ ತುಂಬಿದರೆ ಆ ಒದೆ ಹಿಂದೆ ನಿಂತವನ ಮುಖಕ್ಕೆ ಬರುತ್ತದೆ. ಇಷ್ಟು ಅಲ್ಲಿನ ಹೆಂಗಸರಿಗೂ ಮಕ್ಕಳಿಗೂ ಗೊತ್ತಿತ್ತು. ತಮ್ಮ ಕೋವಿಗಳಿಗೆ ಒಗ್ಗುವ ಮದ್ದು ಯಾವುದೆಂದು ತಿಳಿಯಲು ಹಿಂದಿನವರು ಮೂರು ಬೇಸಿಗೆ ಕಳೆದಿದ್ದರು. ಒಂದೊಂದು ಮದ್ದಿನಲ್ಲೂ ಐದೈದು ಗುಂಡು ಹೊಡೆದು, ಗುರಿಗೆ ಕಟ್ಟಿದ ಬಟ್ಟೆಯ ಮೇಲಿನ ತೂತುಗಳನ್ನು ಅಂಗೈಯಿಂದ ಮುಚ್ಚಿ ನೋಡುತ್ತಿದ್ದರು. ಐದೂ ತೂತು ಒಂದು ಅಂಗೈಯ ಅಡಿಯಲ್ಲಿ ಅಡಗಿದ್ದು ಒಂದೇ ಮದ್ದಿನಲ್ಲಿ. ಅದರ ಕಾಳು ಮುರಿದ ಶಾವಿಗೆಯ ಹಾಗಿತ್ತು. ಸರಿಯಾದ ತೂಕ ಹಾಕಿದರೆ ಕೋಶದ ಕುತ್ತಿಗೆಯವರೆಗೆ ತುಂಬಿಕೊಳ್ಳುತ್ತಿತ್ತು. ತೋಟಾವನ್ನು ಅಲ್ಲಾಡಿಸಿದರೆ ಸದ್ದು ಬರುತ್ತಿರಲಿಲ್ಲ. ಅಂದಿನಿಂದ ಸಂಘಕ್ಕೆ ಆ ಮದ್ದೊಂದೇ.

ಮೊದಲೆಲ್ಲ ಅವರವರ ತೋಟಾ ಅವರವರೇ ತರುತ್ತಿದ್ದರು. ಆಗ ಜಗಳ ಬರುತ್ತಿತ್ತು. ಗೆದ್ದವನ ಕಣ್ಣು ದೊಡ್ಡದಲ್ಲ, ಅವನ ತೋಟಾ ಒಳ್ಳೆಯದಿತ್ತು ಎಂದು ಸೋತವರು ಹೇಳುತ್ತಿದ್ದರು. ಅದಕ್ಕೆ ಹಿರಿಯರು ಒಂದು ಕಟ್ಟು ಮಾಡಿದರು. ಆ ದಿನದ ಅರವತ್ತು ತೋಟಾಗಳನ್ನೂ ಒಂದೇ ಡಬ್ಬಿಯಿಂದ, ಒಂದೇ ಕೈಯಿಂದ, ಒಂದೇ ತೂಕದಲ್ಲಿ ತುಂಬಬೇಕು. ಅರವತ್ತನ್ನೂ ಒಂದೇ ಪೆಟ್ಟಿಗೆಯಲ್ಲಿಡಬೇಕು. ಪೆಟ್ಟಿಗೆ ಖಾಲಿಯಾಗದೆ ಗೆದ್ದವನ ಹೆಸರು ಸಾರುವಂತಿಲ್ಲ. ಯಾರಾದರೂ ತನ್ನ ಪಾಲು ಹೊಡೆಯದೆ ಬಿಟ್ಟರೆ ಅದು ಆವರೆಗೆ ಮುಂದಿದ್ದವನಿಗೆ ಸೇರುತ್ತದೆ. ನೋಡು, ಅವರು ಜಗಳವೇ ಬರದ ಹಾಗೆ ಎಲ್ಲ ಯೋಚನೆ ಮಾಡಿದ್ದರು.

ತುಂಬುವ ಕೈ ಒಬ್ಬ ಅಕ್ಕಸಾಲಿಯದು. ಚಿನ್ನ ತೂಗುವ ತಕ್ಕಡಿಯಲ್ಲೇ ಅವನು ಮದ್ದು ತೂಗುತ್ತಿದ್ದ. ಅರ್ಧ ಗುಲಗಂಜಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತೂಗಿದ್ದನ್ನು ಮತ್ತೆ ತೂಗಿ, ಮನಸ್ಸಿಗೆ ಬರದಿದ್ದರೆ ಮೂರನೆಯ ಸಲ ತೂಗುತ್ತಿದ್ದ. ತಟ್ಟೆಯಿಂದ ತಟ್ಟೆಗೆ ಹಾಕುವಾಗ ನಾಲ್ಕು ಕಾಳು ಕೆಳಗೆ ಬಿದ್ದರೆ, ಬಿದ್ದದ್ದನ್ನು ತಿರುಗಿ ಹಾಕುತ್ತಿರಲಿಲ್ಲ. ಧೂಳು ಸೇರುತ್ತದೆ ಎಂದು ಒರಸಿ ಹೊರಗೆ ಚೆಲ್ಲುತ್ತಿದ್ದ.

ಆ ವರ್ಷ ಅವನ ಈ ಕಟ್ಟುನಿಟ್ಟಿನಿಂದಲೇ ಡಬ್ಬಿಯ ಮದ್ದು ಸಾಲದೆ ಹೋಯಿತು. ಸ್ಪರ್ಧೆಯ ಹಿಂದಿನ ಮಧ್ಯಾಹ್ನ ಐವತ್ತೇಳು ತೋಟಾ ತುಂಬಿದ್ದಾಗ ಡಬ್ಬಿಯ ತಳ ಕಂಡಿತು. ಇನ್ನು ಮೂರು ತುಂಬಬೇಕು. ಕಪಾಟಿನಲ್ಲಿ ಅದೇ ಹೆಸರಿನ, ಮುದ್ರೆ ಒಡೆಯದ ಇನ್ನೊಂದು ಡಬ್ಬಿ ಇತ್ತು. ಅದನ್ನು ತೆರೆದರೆ ಎರಡು ಡಬ್ಬಿಯಾಗುತ್ತದೆ. ಕಟ್ಟು ಮುರಿಯುತ್ತದೆ. ಅಕ್ಕಸಾಲಿ ತಲೆಯ ಮೇಲೆ ಕೈಹೊತ್ತು ಕುಳಿತ.

ಉಗ್ರಾಣದ ಬೀಗದ ಕೈ ಇದ್ದದ್ದು ಸಂಘದ ಹಿರಿಯನ ಬಳಿ. ಅವನು ಮೇಲಿನ ಸಾಲಿನಲ್ಲಿದ್ದ ಒಂದು ಗಾಜಿನ ಸೀಸೆಯನ್ನು ತೋರಿಸಿದ. ಅದರಲ್ಲಿ ತಳಕ್ಕೆ ನಾಲ್ಕು ಬೆರಳು ಮದ್ದಿತ್ತು. ಅಂಟಿನ ಆಸೆಗೆ ಜಿರಲೆಗಳು ಅದರ ಚೀಟಿಯನ್ನು ಎಂದೋ ತಿಂದು ಮುಗಿಸಿದ್ದವು. ಹಿರಿಯ ಎರಡು ವರ್ಷದಿಂದ ಅದನ್ನು ದಿನಾ ನೋಡುತ್ತಿದ್ದ. ಚೆಲ್ಲಲು ಮನಸ್ಸು ಬಂದಿರಲಿಲ್ಲ. ಅದನ್ನು ಈ ಡಬ್ಬಿಗೇ ಸುರಿದುಕೊಂಡು ತುಂಬಿಬಿಡು ಎಂದ.

ಆಗ ಅಲ್ಲಿ ಮದ್ದು ಮಾರುವ ವರ್ತಕನೂ ಇದ್ದ. ಮರುದಿನಕ್ಕೆ ಬೇಕಾದ ಕೇಪುಗಳನ್ನು ಕೊಡಲು ಬಂದಿದ್ದ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. ತನ್ನ ಅಂಗಡಿಯದೇ ಇರಬೇಕು, ಈ ಸುತ್ತಿನಲ್ಲಿ ಇನ್ನಾರು ಮದ್ದು ಮಾರುತ್ತಾರೆ ಎಂದ. ಯಾವ ಮದ್ದು ಎಂದು ಅವನನ್ನು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಅಕ್ಕಸಾಲಿ ಮಾತ್ರ ಒಂದು ಕ್ಷಣ ಅನುಮಾನಿಸಿದ. ಹೀಗೆ ಸುರಿದುಕೊಂಡರೆ ಎರಡು ಡಬ್ಬಿ ಆದಂತಾಗುವುದಿಲ್ಲವೇ ಎಂದು ಕೇಳಿದ. ನೋಡು, ಅವನ ಅನುಮಾನ ಇದ್ದದ್ದು ಅಲ್ಲಿ.

“ಸೀಸೆ ಡಬ್ಬಿ ಅಲ್ವಲ್ಲಪ್ಪ” ಎಂದ ಹಿರಿಯ.

ಅಕ್ಕಸಾಲಿಗೆ ಸಮಾಧಾನವಾಯಿತು. ಸೀಸೆಯಲ್ಲಿದ್ದದ್ದನ್ನು ಡಬ್ಬಿಗೆ ಸುರಿದ. ಕಾಳು ಸಣ್ಣದಿತ್ತು, ಗಸಗಸೆಯ ಹಾಗೆ. ಅವನ ಕಣ್ಣಿಗೆ ಅದು ಕಂಡಿತು. ಮೂರು ಸಲ ತೂಗಿದ. ತೂಕ ಸರಿಯಿತ್ತು. ಕೊನೆಯ ಮೂರು ತೋಟಾಗಳನ್ನು ತುಂಬಿ ಪೆಟ್ಟಿಗೆಯ ಕೊನೆಯ ಮೂರು ಗೂಡುಗಳಲ್ಲಿಟ್ಟ.

ಮರುದಿನ ಚೀಟಿ ಎತ್ತಿದಾಗ ಬಡಗಿಗೆ ಬಂದದ್ದು ಇಪ್ಪತ್ತನೆಯ ಸರದಿ.

ಅವನ ಸರದಿ ಬರುವ ಹೊತ್ತಿಗೆ ಮೂರೂ ಕುಡಿಕೆ ಒಡೆದವರು ಯಾರೂ ಇರಲಿಲ್ಲ. ಬೆಳಗಿನಿಂದ ಕಣಿವೆಯಲ್ಲಿ ಗಾಳಿ ಇತ್ತು. ಮುಂದಿದ್ದವನು ಒಬ್ಬ ಕುಂಬಾರ. ಅವನು ಎರಡು ಒಡೆದಿದ್ದ. ಉಳಿದವರದೆಲ್ಲ ಒಂದು, ಇಲ್ಲವೇ ಅದೂ ಇಲ್ಲ. ತೂಗುಹಾಕಿದ ಕುಡಿಕೆಗಳನ್ನು ಮಾಡಿದವನೂ ಈ ಕುಂಬಾರನೇ. ನಾನು ಮಾಡಿದ ಕುಡಿಕೆಗಳು ನನ್ನ ಮಾತು ಕೇಳುತ್ತವೆ ಎಂದು ಎಲ್ಲರನ್ನೂ ರೇಗಿಸುತ್ತಿದ್ದ. ದೊಡ್ಡ ಬಾಯಿ, ದೊಡ್ಡ ನಗು. ಬಡಗಿಯನ್ನು ಅವನು ಭಾವ ಎಂದು ಕರೆಯುತ್ತಿದ್ದ. ಇಬ್ಬರಿಗೂ ಸಂಬಂಧವಿರಲಿಲ್ಲ. ಹಾಗೆ ಕರೆದರೆ ಬಡಗಿಗೆ ಸಿಟ್ಟು ಬರುತ್ತದೆ ಎಂಬುದೇ ಕಾರಣ. ಆದರೂ ಅವನ ಕೋವಿಗೆ ಹಿಡಿ ಮಾಡಿಕೊಟ್ಟವನು ಬಡಗಿ. ಅವನ ಕೆನ್ನೆಯ ಮೇಲೆ ಬೆರಳಿಟ್ಟು ಅಳೆದು, ಆ ಕೆನ್ನೆಗೆ ಹೊಂದುವ ಹಾಗೆ ಮರ ಕೆತ್ತಿದ್ದ.

ಬಡಗಿ ಎದ್ದು ನಿಂತಾಗ ಗಾಳಿ ನಿಂತಿತು. ಆಚೆಯ ದಿಣ್ಣೆಯಲ್ಲಿ ಕುಡಿಕೆಗಳು ಅಲುಗದೆ ನಿಂತಿದ್ದವು. ಮೂರು ಒಡೆದರೆ ಹಲಗೆಯಲ್ಲಿ ಅವನ ಹೆಸರು. ಹದಿನೆಂಟು ವರ್ಷದಲ್ಲಿ ಅಂಥ ಹೊತ್ತು ಅವನಿಗೆ ಬಂದಿರಲಿಲ್ಲ. ಪೆಟ್ಟಿಗೆಯಿಂದ ಕೊನೆಯ ಮೂರು ತೋಟಾಗಳನ್ನು ಎತ್ತಿಕೊಂಡ. ಅಭ್ಯಾಸಬಲದಿಂದ ಒಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ.

ಒಳಗೆ ಏನೋ ಸರಿಯಿತು. ಒಣಗಿದ ಸೋರೆ ಬುರುಡೆಯಲ್ಲಿ ಬೀಜ ಸರಿದ ಹಾಗೆ.

ಎರಡನೆಯದನ್ನು ಅಲ್ಲಾಡಿಸಿದ. ಮೂರನೆಯದನ್ನು ಅಲ್ಲಾಡಿಸಿದ. ಸರಿಯಿತು, ಸರಿಯಿತು. ತಕ್ಕಡಿಯ ಪಕ್ಕದಲ್ಲಿ ಕುಳಿತಿದ್ದ ಅಕ್ಕಸಾಲಿಯ ಬಳಿಗೆ ಹೋದ.

“ಅಣ್ಣ, ಇದು ಯಾವ ಮದ್ದು?”

“ಯಾವ ಮದ್ದು ಅಂದ್ರೆ? ಡಬ್ಬಿಯ ಮದ್ದು. ಎಲ್ಲರಿಗೂ ಯಾವುದು ಬಂತೋ ಅದೇ.”

“ಹೆಸರು ಕೇಳಿದೆ.”

“ತೂಕ ಕೇಳು, ಹೇಳ್ತೀನಿ. ಹೆಸರಿಡೋಕೆ ಇದೇನು ತೊಟ್ಟಿಲ ಮಗುವಾ?”

ಸುತ್ತಲಿದ್ದವರು ನಕ್ಕರು. ಅಕ್ಕಸಾಲಿ ಮೂರು ತೋಟಾಗಳನ್ನೂ ತೆಗೆದುಕೊಂಡು, ಎಲ್ಲರೂ ನೋಡುವ ಹಾಗೆ, ಒಂದೊಂದಾಗಿ ತಕ್ಕಡಿಗೆ ಹಾಕಿದ. ಮುಳ್ಳು ಮೂರು ಸಲವೂ ನಟ್ಟ ನಡುವೆ ನಿಂತಿತು. ಕುಂಬಾರನಿಗೆ ಬಾಯಿ ಕಟ್ಟಿಕೊಂಡಿರಲು ಆಗಲಿಲ್ಲ.

“ಭಾವ, ಮರ ತಟ್ಟಿ ನೋಡೋ ಹಾಗೆ ತೋಟಾನೂ ತಟ್ಟಿ ನೋಡ್ತೀಯಲ್ಲ. ಅಕ್ಕನ್ನ ನೋಡೋಕೆ ಹೋದಾಗಲೂ ಹೀಗೇನಾ?”

ಈ ಸಲ ನಗು ದಿಣ್ಣೆಯ ತುಂಬ ಹರಡಿತು. ಹಿರಿಯನೂ ನಕ್ಕ. ವರ್ತಕನೂ ನಕ್ಕ. ಕಿವಿಗೆ ಕೇಳಿಸಿದ್ದು ಬಡಗಿಯ ನಾಲಿಗೆಯ ತುದಿಗೆ ಬಂದಿತ್ತು. ನಗು ನಿಲ್ಲಲಿ ಎಂದು ಕಾದ. ನಿಲ್ಲಲಿಲ್ಲ. ಒಂದು ಸಲ ಕೇಳಿದ್ದನ್ನು ಇನ್ನೊಂದು ಸಲ ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಅರ್ಥವಾಗದವರಿಗೆ ಬಿಡಿಸಿ ಹೇಳುವ ಅಭ್ಯಾಸವೂ ಇರಲಿಲ್ಲ. ಹಲಗೆಯ ಮೇಲಿನ ವಾಕ್ಯ ಇಪ್ಪತ್ತು ಜನರ ಕಣ್ಣೆದುರಿಗೇ ಇದೆ. ಓದಲು ಬರುವವರು ಓದಿಕೊಳ್ಳಲಿ ಎಂದುಕೊಂಡ.

“ನಾನು ಹೊಡೆಯೋದಿಲ್ಲ” ಎಂದ.

ನಗು ಆಗ ನಿಂತಿತು. ಗಾಳಿ ನಿಂತ ಹೊತ್ತಿನಲ್ಲಿ, ಹದಿನೆಂಟು ವರ್ಷ ಕಾದ ಮನುಷ್ಯ, ಹೊಡೆಯುವುದಿಲ್ಲ ಎನ್ನುತ್ತಿದ್ದಾನೆ. ಒಬ್ಬನು ಅವನಿಗೆ ಹೆದರಿಕೆ ಎಂದ. ಇನ್ನೊಬ್ಬನು ಸೋಲುವ ಮೊದಲೇ ನೆಪ ಹುಡುಕಿಕೊಂಡ ಎಂದ. ಬಡಗಿ ಮೂರು ತೋಟಾಗಳನ್ನು ಪೆಟ್ಟಿಗೆಯ ಮೂರು ಗೂಡುಗಳಲ್ಲಿ, ನೆಟ್ಟಗೆ, ಮೊದಲಿದ್ದ ಹಾಗೇ ಇಟ್ಟ. ಕೋವಿಯನ್ನು ಹೆಗಲಿಗೇರಿಸಿದ. ಇಳಿಜಾರಿನ ದಾರಿ ಹಿಡಿದ.

ಹಿಂದಿನಿಂದ ಕುಂಬಾರನ ದನಿ ಕೇಳಿಸಿತು. “ಭಾವ, ನನ್ನ ಪಾಲನ್ನೂ ಇವನೇ ತಿಂದ ಅಂತ ಆಮೇಲೆ ಹೊಟ್ಟೆ ಉರ್ಕೋಬೇಡ.”

ಬಡಗಿ ತಿರುಗಲಿಲ್ಲ. ನಡೆಯುತ್ತಿದ್ದದ್ದು ನಿಧಾನವಾಗಿ. ಇಳಿಜಾರಿನಲ್ಲಿ ಅವನು ಯಾವತ್ತೂ ಅಷ್ಟು ನಿಧಾನವಾಗಿ ನಡೆದವನಲ್ಲ. ಯಾಕೆ ನಿಧಾನ ಎಂದು ಆಗ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ದಾರಿಯ ಎರಡನೆಯ ತಿರುವಿನಲ್ಲಿ ಆ ಸದ್ದು ಬಂತು.

ಅದು ಕೋವಿಯ ಸದ್ದಿನ ಹಾಗಿರಲಿಲ್ಲ. ಕೋವಿಯ ಸದ್ದು ಕಣಿವೆ ದಾಟಿ, ಆಚೆಯ ದಿಣ್ಣೆಗೆ ಬಡಿದು, ತಿರುಗಿ ಬರುತ್ತದೆ. ಇದು ಎಲ್ಲಿ ಹುಟ್ಟಿತೋ ಅಲ್ಲೇ ಮುಗಿಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಕೂಗು ಕೂಡ ಇಲ್ಲ. ಬಡಗಿ ಹೆಗಲ ಮೇಲಿನ ಕೋವಿಯನ್ನು ದಾರಿಯಲ್ಲೇ ಬಿಟ್ಟು ಮೇಲಕ್ಕೆ ಓಡಿದ.

ಅಲ್ಲಿ ಜನ ನಿಂತ ಕಡೆಯೇ ನಿಂತಿದ್ದರು. ಅವರ ನಡುವೆ ಕುಂಬಾರ ಕಾಲು ಚಾಚಿ ಕುಳಿತಿದ್ದ, ಆವೆಯ ಮುಂದೆ ದಣಿವಾರಿಸಿಕೊಳ್ಳಲು ಕುಳಿತವನ ಹಾಗೆ. ಎರಡು ಕೈಯೂ ಮುಖದ ಮೇಲಿದ್ದವು. ಬೆರಳಿನ ಸಂದಿಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಕೋವಿಯ ನಳಿಗೆ ಬುಡದಲ್ಲಿ ಸಿಪ್ಪೆ ಸುಲಿದ ಹಾಗೆ ಬಿರಿದು ಬಿದ್ದಿತ್ತು. ಹಿಂಬದಿಯ ಚಿಲಕದ ಒಂದು ತುಂಡು ಹಾರಿ ಹೋಗಿ ಸಂಘದ ಹಲಗೆಯಲ್ಲಿ ನಾಟಿತ್ತು. ಮರದ ಹಿಡಿ ಎರಡು ಸೀಳಾಗಿತ್ತು. ಕೆನ್ನೆಗೆಂದು ಕೆತ್ತಿದ ಭಾಗ ಎಲ್ಲಿ ಹೋಯಿತೋ ಸಿಗಲಿಲ್ಲ.

ಯಾರೋ ಬಂದ ಸದ್ದಿಗೆ ಕುಂಬಾರ ತಲೆ ಎತ್ತಿದ. ಕೈ ತೆಗೆಯಲಿಲ್ಲ.

“ಕುಡಿಕೆ ಒಡೀತಾ?” ಎಂದು ಕೇಳಿದ.

ಆಚೆಯ ದಿಣ್ಣೆಯಲ್ಲಿ ಕುಡಿಕೆ ಹಾಗೇ ತೂಗುತ್ತಿತ್ತು.

ಅವನು ಬದುಕಿದ. ಎರಡು ಕಣ್ಣೂ ಹೋದವು.

ಒಂಬತ್ತನೆಯ ದಿನ ಸಂಘ ಸೇರಿತು. ಕುಂಬಾರನ ಹೆಂಡತಿಯೂ ಬಂದು ಬಾಗಿಲ ಪಕ್ಕ ನಿಂತಳು. ಏನಾಯಿತೆಂದು ಪ್ರತಿಯೊಬ್ಬನೂ ಎದ್ದು ನಿಂತು ಹೇಳಬೇಕೆಂದಾಯಿತು. ವರ್ತಕ ಹೇಳಿದ: ತಾನು ಕೊಟ್ಟ ಡಬ್ಬಿಗೆ ಹೆಸರಿತ್ತು, ಮುದ್ರೆಯಿತ್ತು. ಅದು ನಿಜ. ಹಿರಿಯ ಹೇಳಿದ: ಡಬ್ಬಿ ಒಂದೇ, ಕೈ ಒಂದೇ, ತೂಕ ಒಂದೇ, ಕಟ್ಟು ಎಲ್ಲಿಯೂ ಮುರಿದಿಲ್ಲ. ಅದೂ ನಿಜ. ಅಕ್ಕಸಾಲಿ ಉಳಿದಿದ್ದ ಎರಡು ತೋಟಾಗಳನ್ನು ಬಿಚ್ಚಿ, ಒಳಗಿನ ಮದ್ದನ್ನು ತೂಗಿ ತೋರಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತೂಗಿದ್ದನ್ನು ಬಿಳಿಯ ಬಟ್ಟೆಯ ಮೇಲೆ ಸುರಿದ. ಪಕ್ಕದಲ್ಲಿ ಹೊಸ ಡಬ್ಬಿಯ ಮುದ್ರೆ ಒಡೆದು ಒಂದು ಚಿಟಿಕೆ ಸುರಿದ. ಒಂದು ಕಡೆ ಗಸಗಸೆ, ಒಂದು ಕಡೆ ಮುರಿದ ಶಾವಿಗೆ. ಬಾಗಿಲ ಬಳಿ ನಿಂತ ಹೆಂಗಸಿಗೂ ಅಲ್ಲಿಂದಲೇ ಕಂಡಿತು.

ಬಟ್ಟೆಯನ್ನು ನೋಡುತ್ತ ಅಕ್ಕಸಾಲಿ, ಕಾಳು ಸಣ್ಣದಿದ್ದದ್ದು ನನಗೆ ಕಂಡಿತ್ತು ಎಂದ. ಆಮೇಲೆ ಹಿರಿಯ, ಚೀಟಿ ಇಲ್ಲದ್ದು ನನಗೂ ಕಂಡಿತ್ತು ಎಂದ. ಗಿಡ್ಡ ಕೋವಿಯ ಮದ್ದಿರಬಹುದೆಂದು ಬೆಳಕಿಗೆ ಹಿಡಿದಾಗಲೇ ಅನ್ನಿಸಿತ್ತು ಎಂದು ವರ್ತಕ ಹೇಳಿದಾಗ ಅವನ ದನಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸಿದರು.

ಕೊನೆಗೆ ಬಡಗಿ ಎದ್ದ. ತೋಟಾ ಅಲ್ಲಾಡಿಸಿದಾಗ ಒಳಗೆ ಸರಿದ ಸದ್ದು ಕೇಳಿಸಿತು, ಅದಕ್ಕೇ ಹೆಸರು ಕೇಳಿದೆ, ಹೆಸರು ಸಿಗಲಿಲ್ಲ, ಹೊಡೆಯಲಿಲ್ಲ ಎಂದ. ಜನ ನಿಟ್ಟುಸಿರು ಬಿಟ್ಟರು. ಎಂಥ ಕಿವಿ ಎಂದರು. ಎಂಥ ಗಟ್ಟಿ ಮನಸ್ಸು, ಗೆಲ್ಲುವ ಹೊತ್ತಿನಲ್ಲಿ ಬಿಟ್ಟು ನಡೆದನಲ್ಲ ಎಂದರು. ಅಂದು ಹೆದರಿಕೆ ಎಂದವನು ಎದ್ದು ಬಂದು ಅವನ ಕೈ ಹಿಡಿದು ಕ್ಷಮೆ ಕೇಳಿದ. ಕುಂಬಾರನ ಹೆಂಡತಿ ಬಡಗಿಯನ್ನು ಒಂದು ಕ್ಷಣ ನೋಡಿ, ಸೆರಗು ಹೊದ್ದು ಹೊರಗೆ ಹೋದಳು.

ಆ ವರ್ಷ ಗೆದ್ದವರು ಯಾರೂ ಇಲ್ಲ ಎಂದು ಸಂಘ ತೀರ್ಮಾನಿಸಿತು. ಹಲಗೆಯಲ್ಲಿ ಜಾಗ ಖಾಲಿ ಬಿಡಬಾರದು, ನಿಯಮ ಕಾಯ್ದವನ ಹೆಸರು ಅಲ್ಲಿ ಬರಲಿ ಎಂದೂ ತೀರ್ಮಾನಿಸಿತು. ಕೆತ್ತುವ ಕೆಲಸ ಗೊತ್ತಿದ್ದವನು ಆ ನಾಡಿನಲ್ಲಿ ಒಬ್ಬನೇ. ಬಡಗಿ ಹಲಗೆಯಿಂದ ಚಿಲಕದ ತುಂಡನ್ನು ಉಳಿಯಿಂದ ಮೀಟಿ ತೆಗೆದ. ತೂತಿಗೆ ಹಲಸಿನ ಮರದ ಬೆಣೆ ಹೊಡೆದು ನಯ ಮಾಡಿದ. ಅದರ ಪಕ್ಕದಲ್ಲಿ ತನ್ನ ಹೆಸರನ್ನು ತಾನೇ ಕೆತ್ತಿದ. ಎಲ್ಲ ಹೆಸರುಗಳಿಗಿಂತ ಅದು ಚೆನ್ನಾಗಿ ಬಂತು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕುಂಬಾರ ಕೋಲು ಊರಿಕೊಂಡು ಬಡಗಿಯ ಮನೆಗೆ ಬಂದ. ಕಣ್ಣಿಲ್ಲದಿದ್ದರೂ ಅವನ ಕೈ ಮಣ್ಣನ್ನು ಮರೆತಿರಲಿಲ್ಲ. ಕಂಕುಳಲ್ಲಿ ಒಂದು ಹೊಸ ಬಿಂದಿಗೆ ಇತ್ತು. ಹೆಜ್ಜೆಯ ಸದ್ದಿನಿಂದಲೇ ಬಡಗಿಯನ್ನು ಗುರುತು ಹಿಡಿದ.

“ತಗೋ ಭಾವ. ತಟ್ಟಿ ನೋಡು, ಟೊಳ್ಳಿಲ್ಲ. ಅವತ್ತು ಅಷ್ಟು ಜನರಲ್ಲಿ ಬುದ್ಧಿ ಇದ್ದವನು ನೀನೊಬ್ಬನೇ. ನಾನು ನಿನ್ನ ನೋಡಿ ನಕ್ಕೆ.”

ಬಡಗಿ ಬಿಂದಿಗೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡ. ತಟ್ಟಲಿಲ್ಲ. ಕುಂಬಾರ ಕೋಲು ಊರುತ್ತ ದಾರಿಯ ತಿರುವು ದಾಟುವವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದ.

ಉತ್ತಯ್ಯನವರು ಕತೆ ನಿಲ್ಲಿಸಿದರು. ಲೋಟದಲ್ಲಿ ಕಾಫಿ ಆರಿ ಹೋಗಿತ್ತು. ಕುಡಿಕೆ ಒಡೀತಾ ಎಂದು ಕೇಳಿದ ಆ ದನಿ ಅಯ್ಯಣ್ಣನ ಕಿವಿಯಿಂದ ಹೋಗಿರಲಿಲ್ಲ. ಮೂವರು ಮಾಡಿದ ತಪ್ಪಿಗೆ ನಾಲ್ಕನೆಯವನ ಕಣ್ಣು ಹೋಯಿತಲ್ಲ ಎಂದ. ಕಂಡೂ ಕಂಡೂ ಆ ಮೂವರಿಗೆ ಹೇಗೆ ಮನಸ್ಸು ಬಂತು ಎಂದ. ಆದರೂ ತನ್ನ ಪ್ರಶ್ನೆಯನ್ನು ಅವನು ಮರೆತಿರಲಿಲ್ಲ.

“ಹಾಗಾದರೆ ಗುರುಗಳೇ, ಅಷ್ಟು ಜನರಲ್ಲಿ ನಿಯಮ ಪಾಲಿಸಿದವನು ಬಡಗಿ ಒಬ್ಬನೇ ಆದನಲ್ಲ.”

ಉತ್ತಯ್ಯನವರು ಅಂಗಳದ ಕಡೆ ನೋಡಿದರು. ದಾಸವಾಳದ ಬುಡದಲ್ಲಿ ಚೀಟಿಯಿಲ್ಲದ ಸೀಸೆ ಬೋರಲಾಗಿ ಬಿದ್ದಿತ್ತು.

“ಅವನು ಆ ಮೂರು ತೋಟಾಗಳನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೊರಟ” ಎಂದರು.